‘ಬೇ’ ಎಂದ ಮೇಲಿನ ಸ್ವರ

ಬೆನೆಟ್ ಅಮ್ಮನ್ನರ ಮಾತು ಒಂದು ಬೆಳಗ್ಗೆ ಗಡ್ಡ ಮಾಡಿಕೊಳ್ಳುತ್ತಿದ್ದಾಗ ಹೋಯಿತು. ಅವರ ಹೆಂಡತಿ ಐರಿನ್‌ಳ ಗಂಟಲು ಹೋಗಲು ಮಾತ್ರ ಪೂರಾ ಎರಡು ವರ್ಷ ಹಿಡಿಯಿತು.

ಬೆನೆಟ್ ಮೂವತ್ತೊಂದು ವರ್ಷ ಬಂದರಿನ ಸಿಗ್ನಲ್ ಸ್ಟೇಷನ್ನಿನಲ್ಲಿ ಕೂತು ವೈರ್‌ಲೆಸ್ಸಿನಲ್ಲಿ ಹಡಗುಗಳೊಂದಿಗೆ ಮಾತಾಡಿದವರು. ಯಾವ ಹಡಗು ಒಳಗೆ ಬರಬೇಕು, ಯಾವುದು ಹೊರಗೆ ಲಂಗರು ಹಾಕಿ ಕಾಯಬೇಕು ಎಂದು ಹೇಳಿ ಹೇಳಿ, ಮನೆಗೆ ಬಂದ ಮೇಲೂ ಅವರ ಬಾಯಿ ನಿಲ್ಲುತ್ತಿರಲಿಲ್ಲ. ನಿವೃತ್ತಿಯಾದ ಎರಡನೇ ವರ್ಷ ಮಿದುಳಿನ ಎಡಭಾಗದಲ್ಲಿ ರಕ್ತ ಹೆಪ್ಪುಗಟ್ಟಿತು. ಆಸ್ಪತ್ರೆಯಿಂದ ಬರುವಾಗ ಬಲಗಾಲು ಮುಕ್ಕಾಲು ಪಾಲು ಮರಳಿತ್ತು, ಬಲಗೈ ಅರ್ಧ ಮರಳಿತ್ತು, ಮಾತು ಮರಳಲಿಲ್ಲ. ಬೇರೆಯವರು ಹೇಳಿದ್ದೆಲ್ಲ ತಿಳಿಯುತ್ತಿತ್ತು. ತಾವು ಹೇಳಬೇಕಾದದ್ದು ನಾಲಗೆಯ ತನಕ ಬಂದು ಅಲ್ಲೇ ಚೂರಾಗುತ್ತಿತ್ತು. ಬರವಣಿಗೆಯೂ ಮಾತಿನ ಹಿಂದೆಯೇ ಹೋಗಿತ್ತು. ತಲೆಯಾಡಿಸಿ ತಿಳಿಸೋಣವೆಂದರೆ ಅದೂ ತಿರುಗುಮುರುಗಾಗಿ, ಹೌದು ಎನ್ನಬೇಕಾದಲ್ಲಿ ತಲೆ ಅಡ್ಡಕ್ಕೆ ಹೋಗುತ್ತಿತ್ತು.

ಐದು ತಿಂಗಳ ಮೇಲೆ ಒಂದು ಭಾನುವಾರ ಚರ್ಚಿನಲ್ಲಿ ದಾರಿ ಕಂಡಿತು. ಮಂಗಳೂರಿನ ಆ ಚರ್ಚಿನಲ್ಲಿ ಅಜ್ಜನ ಕಾಲದಿಂದಲೂ ನಾಲ್ಕು ದನಿಯಲ್ಲಿ ಹಾಡುವ ರೂಢಿ. ಒಂದು ದನಿ ರಾಗ ಹಿಡಿದರೆ, ಇನ್ನೊಂದು ಅದರ ಕೆಳಗಿನ ಸ್ವರಗಳಲ್ಲಿ ತನ್ನದೇ ದಾರಿ ಮಾಡಿಕೊಂಡು ಜೊತೆಗೆ ನಡೆಯುತ್ತದೆ. ಆ ಎರಡನೆಯ ದನಿಗೆ ಅಲ್ಲಿಯವರು ‘ಸೆಕೆಂಡ್’ ಎನ್ನುತ್ತಾರೆ. ಐರಿನ್ ಹದಿನೆಂಟನೇ ವಯಸ್ಸಿನಿಂದ ಸೆಕೆಂಡ್ ಹಾಡಿದವಳು. ಅಂದು ಗಂಡನ ಪಕ್ಕದಲ್ಲಿ ನಿಂತು ಅಭ್ಯಾಸಬಲದಿಂದ ಸೆಕೆಂಡ್ ಎತ್ತಿದಳು. ಎಡಗಡೆಯಿಂದ ಬೆನೆಟ್ ಹಾಡತೊಡಗಿದರು. ರಾಗವಷ್ಟೇ ಅಲ್ಲ, ಪದಗಳೂ ಬಂದವು, ಒಂದೂ ಮುರಿಯದೆ. ಐರಿನ್ ಗಾಬರಿಯಾಗಿ ತಾನು ಹಾಡುವುದನ್ನು ನಿಲ್ಲಿಸಿದಳು. ಅವರದೂ ಅಲ್ಲಿಗೇ ನಿಂತಿತು.

ಮನೆಗೆ ಬಂದು ಬಾಗಿಲು ಹಾಕಿಕೊಂಡು ಅವಳು ಪರೀಕ್ಷೆ ಮಾಡಿ ನೋಡಿದಳು. ಅವರ ಸ್ವರವನ್ನೇ ಹಾಡಿದರೆ ಪ್ರಯೋಜನವಿಲ್ಲ; ಅವರ ದನಿ ಅದರಲ್ಲಿ ಮುಳುಗಿ ಹೋಗುತ್ತಿತ್ತು. ಕೆಳಗಿನ ಸ್ವರದಲ್ಲಿ ಬಾಯಿ ಮುಚ್ಚಿ ಗುನುಗಿದರೆ ಸಾಕು, ಅದರ ಮೇಲೆ ಕಾಲೂರಿ ನಿಂತವರಂತೆ ಅವರು ಹೇಳಬೇಕಾದದ್ದನ್ನು ಹಾಡಿ ಹೇಳುತ್ತಿದ್ದರು. ‘ನೀರು’ ಎರಡು ಸ್ವರ. ‘ಕಾಲು ನೋವು’ ನಾಲ್ಕು ಸ್ವರ. ‘ಬೇಕು’ ಒಂದು ಮೆಟ್ಟಿಲು ಮೇಲಕ್ಕೆ, ‘ಬೇಡ’ ಒಂದು ಮೆಟ್ಟಿಲು ಕೆಳಕ್ಕೆ. ಹೀಗೆ ಒಂದೊಂದೇ ಮಾತಿಗೆ ಒಂದೊಂದು ರಾಗ ಕೂಡಿಬಂದು ಗಂಡಹೆಂಡಿರ ನಡುವೆ ಒಂದು ಭಾಷೆಯೇ ಆಯಿತು.

ಮೊದಮೊದಲು ಅದೊಂದು ವರದಂತಿತ್ತು. ಆಮೇಲೆ ಅದೇ ಕೆಲಸವಾಯಿತು. ಬೆನೆಟ್ ಬಾಯಿ ತೆರೆದಾಗಲೆಲ್ಲ ಐರಿನ್ ಗುನುಗಬೇಕು. ಸ್ನಾನದ ಮನೆಯಿಂದ ಕರೆದರೂ, ಒಲೆಯ ಮೇಲೆ ಹಾಲು ಉಕ್ಕುತ್ತಿದ್ದರೂ, ಅವಳಿಗೇ ಜ್ವರವಿದ್ದರೂ ಗುನುಗಬೇಕು. ಚರ್ಚಿನ ಕ್ವಾಯರ್‌ನಲ್ಲಿ ಹಾಡುವುದು ಬಿಟ್ಟಳು, ಮದುವೆ ಮುಂಜಿಗೆ ಹೋಗುವುದು ಬಿಟ್ಟಳು. ಬೆನೆಟ್ ಆಗಾಗ ಮಾತು ಮುಗಿಸಿದ ಮೇಲೆ ಕಾರಣವಿಲ್ಲದೆ ಸಿಟ್ಟಾಗಿ ಮೇಜಿಗೆ ಗುದ್ದುತ್ತಿದ್ದರು. ಈ ಕಾಯಿಲೆಯಲ್ಲಿ ಸಿಟ್ಟು ಸಹಜ ಎಂದು ಡಾಕ್ಟರು ಹೇಳಿದ್ದರಿಂದ ಅವಳು ಅದನ್ನೂ ನುಂಗಿಕೊಂಡಳು. ಎರಡು ವರ್ಷವಾಗುವಾಗ ಅವಳ ದನಿ ಒಡೆದ ಮಡಕೆಯಂತಾಯಿತು. ಗಂಟಲಿನ ಡಾಕ್ಟರು ಕನ್ನಡಿ ಹಾಕಿ ನೋಡಿ, ಸ್ವರತಂತುಗಳ ಮೇಲೆ ಗಂಟು ಬಿದ್ದಿದೆ ಎಂದರು. ಮೂರು ತಿಂಗಳು ಹಾಡುವಂತಿಲ್ಲ, ಗುನುಗುವಂತೆಯೂ ಇಲ್ಲ. ಮಾತೂ ಎಷ್ಟು ಕಡಿಮೆಯೋ ಅಷ್ಟು ಒಳ್ಳೆಯದು.

“ಹಾಗಾದ್ರೆ ಅವರು ಮೂರು ತಿಂಗಳು ಎಂತ ಮಾಡುದು, ಡಾಕ್ಟ್ರೆ?” ಎಂದು ಐರಿನ್ ಕೇಳಿದಳು. ಡಾಕ್ಟರು ಮುಂದಿನ ರೋಗಿಯ ಚೀಟಿ ಎತ್ತಿಕೊಂಡರು.

ಉತ್ತರ ರಮ್ಲತ್ ಬಳಿ ಇತ್ತು. ರಮ್ಲತ್ ಒಂಬತ್ತನೇ ಕ್ಲಾಸಿನಲ್ಲಿ ಐರಿನ್ ಟೀಚರ ಎದುರು ಬೆಂಚಿನಲ್ಲಿ ಕೂತು ವಿಜ್ಞಾನ ಕಲಿತವಳು. ಈಗ ಊರ ಹೊರಗಿನ ಗುಡ್ಡದ ಮೇಲಿನ ವಾಕ್ ಸಂಶೋಧನಾ ಕೇಂದ್ರದಲ್ಲಿ ಮಿದುಳು ಮತ್ತು ಮಾತಿನ ಬಗ್ಗೆ ಕೆಲಸ ಮಾಡುತ್ತಿದ್ದಳು. ಅವಳು ಐದು ವರ್ಷದಿಂದ ಒಂದು ಯಂತ್ರ ಕಟ್ಟುತ್ತಿದ್ದಳು. ಒಬ್ಬರು ಹಾಡಿದರೆ ಅದಕ್ಕೆ ಒಪ್ಪುವ ಎರಡನೆಯ ದನಿಯನ್ನು ಆ ಕ್ಷಣದಲ್ಲೇ ಹುಟ್ಟಿಸಿ, ಕಿವಿಯ ಹಿಂದಿನ ಎಲುಬಿನ ಮೂಲಕ ಅವರಿಗೆ ಮಾತ್ರ ಕೇಳಿಸುವಂಥದ್ದು. ಹೆಸರು ‘ಅನುದನಿ’.

“ಅಂಕಲ್‌ಗೆ ಮಾತಿನ ಜಾಗ ಹೋಗಿದೆ, ಹಾಡಿನ ಜಾಗ ಉಂಟು,” ಎಂದು ರಮ್ಲತ್ ವಿವರಿಸಿದಳು. “ಕೆಳಗೆ ಇನ್ನೊಂದು ದನಿ ಕೇಳಿದ ಕೂಡಲೇ ಮಿದುಳಿಗೆ ಇದು ಹಾಡು ಅಂತ ಖಾತ್ರಿ ಆಗ್ತದೆ. ಪದಗಳು ಆ ಬಾಗಿಲಿನಿಂದ ಹೊರಗೆ ಬರ್ತವೆ. ಆದರೆ ಒಂದು ಕಷ್ಟ ಉಂಟು. ಅವರು ಹಾಡಿದ್ದನ್ನು ಕೇಳಿ, ಆಮೇಲೆ ಯಂತ್ರ ಹಾಡಿದ್ರೆ ತಡ ಆಗ್ತದೆ. ಸ್ವಲ್ಪ ತಡ ಆದ್ರೂ ಅವರಿಗೆ ಮುರಿದುಹೋಗ್ತದೆ. ಹಾಗಾಗಿ ಮುಂದಿನ ಸ್ವರ ಯಾವುದು ಅಂತ ಅದು ಊಹೆ ಮಾಡ್ಲೇಬೇಕು. ಆ ಊಹೆ ಕಲಿಸ್ಲಿಕ್ಕೆ ನೀವು ಬೇಕು, ಟೀಚರ್. ಎರಡು ವರ್ಷದಿಂದ ನೀವು ಮಾಡ್ತಾ ಇರುದು ಅದನ್ನೇ ಅಲ್ವಾ?”

ಗಂಟಲಿನ ಡಾಕ್ಟರನ್ನು ಕಾಡಿ ಬೇಡಿ ಮೂರು ವಾರದ ರಿಯಾಯಿತಿ ಪಡೆದು, ದಿನಕ್ಕೆ ಒಂದು ಗಂಟೆ, ದಪ್ಪ ಪರದೆ ಹೊದಿಸಿದ ಕೋಣೆಯಲ್ಲಿ ಗಂಡಹೆಂಡಿರು ಎದುರುಬದುರು ಕೂತರು. ರಮ್ಲತ್ ಗಾಜಿನ ಆಚೆಯಿಂದ ಪ್ರಶ್ನೆ ಕೇಳುತ್ತಿದ್ದಳು, ಬೆನೆಟ್ ಉತ್ತರ ಹಾಡುತ್ತಿದ್ದರು, ಐರಿನ್ ಗುನುಗುತ್ತಿದ್ದಳು. ಕೊನೆಯ ದಿನ ಅವಳ ದನಿ ಗಾಳಿಯಷ್ಟೇ ಉಳಿದಿತ್ತು. ಅಷ್ಟು ಹೊತ್ತಿಗೆ ಯಂತ್ರ ಅವಳನ್ನು ಪೂರಾ ಕಲಿತುಕೊಂಡಿತ್ತು.

*

ಅನುದನಿ ಮನೆಗೆ ಬಂದ ಮೇಲಿನ ಮೊದಲ ವಾರ ಐರಿನ್ ನಿದ್ದೆ ಮಾಡಿದಳು. ಬೆಳಗಿನ ತಿಂಡಿಯಾದ ಮೇಲೆ ಕುರ್ಚಿಯಲ್ಲಿ ಕೂತರೆ ಅಲ್ಲೇ ಕಣ್ಣು ಹತ್ತುತ್ತಿತ್ತು. ಎದ್ದರೆ ಬೆನೆಟ್ ತಮ್ಮಷ್ಟಕ್ಕೇ “ಪೇ-ಪರ್ ಕೊ-ಡು” ಎಂದು ಹಾಡುತ್ತಿದ್ದರು. ಅವಳು ಗುನುಗಬೇಕಾಗಿರಲಿಲ್ಲ. ಪೇಪರ್ ಕೊಟ್ಟು ಮತ್ತೆ ಮಲಗಿದರೂ ನಡೆಯುತ್ತಿತ್ತು. ಕಿವಿಯ ಹಿಂದೆ ಗುಂಡಿಯಷ್ಟು ದೊಡ್ಡದೊಂದು ಬಿಲ್ಲೆ, ಕೊರಳಪಟ್ಟಿಗೆ ಸಿಕ್ಕಿಸಿದ ಮೈಕು, ಅಷ್ಟೇ. ಇಷ್ಟು ಚಿಕ್ಕ ವಸ್ತು ತನ್ನ ಹೆಗಲ ಮೇಲಿನ ಅಷ್ಟು ದೊಡ್ಡ ಹೊರೆಯನ್ನು ಇಳಿಸಿತೇ ಎಂದು ಅವಳಿಗೆ ಆಶ್ಚರ್ಯವಾಗುತ್ತಿತ್ತು. ಸಂತೋಷಪಡಲೂ ಶಕ್ತಿ ಉಳಿದಿರಲಿಲ್ಲ.

ಕೇಂದ್ರದಲ್ಲಿ ಸಂತೋಷವಿತ್ತು. ಅನುದನಿ ಹಾಕಿಕೊಂಡ ಮೇಲಿನ ಮೂರು ವಾರದಲ್ಲಿ ಬೆನೆಟ್ ಸಾವಿರದ ನೂರ ನಲವತ್ತು ಸಲ ಬೇಕು, ಬೇಡ ಎಂದಿದ್ದರು. ಯಂತ್ರದ ಊಹೆ ಒಂದು ಸಲವೂ ತಪ್ಪಿರಲಿಲ್ಲ. ನೂರಕ್ಕೆ ನೂರು. ಮೇಲಿನವರು ಬಂದು ರಮ್ಲತ್‌ಳ ಕೈ ಕುಲುಕಿದರು. ಮುಂದಿನ ಹೆಜ್ಜೆ ಆಪರೇಷನ್: ಬಿಲ್ಲೆಯ ಬದಲು ತಲೆಬುರುಡೆಯ ಒಳಗೇ ಒಂದು ತಂತು ಇಟ್ಟು, ಅನುದನಿಯನ್ನು ನೇರವಾಗಿ ಮಿದುಳಿಗೆ ಮುಟ್ಟಿಸುವುದು. ಬ್ಯಾಟರಿಯ ಚಿಂತೆಯಿಲ್ಲ, ಬಿದ್ದುಹೋಗುವ ಭಯವಿಲ್ಲ, ಸಾಯುವವರೆಗೂ ಜೊತೆಗಿರುತ್ತದೆ. ಆದರೆ ಒಮ್ಮೆ ಇಟ್ಟರೆ ತೆಗೆಯುವುದು ಕಷ್ಟ. ಹಾಗಾಗಿ ರೋಗಿಯೇ ಬೇರೆ ಬೇರೆ ದಿನ ಮೂರು ಸಲ ತನ್ನ ಬಾಯಿಂದ ಒಪ್ಪಿಗೆ ಹೇಳಬೇಕೆಂದು ನಿಯಮ.

ಬೆನೆಟ್ ಮೂರು ಸಲವೂ “ಬೇ-ಕು” ಎಂದರು. ಮೂರನೆಯ ಸಲ ಹೇಳಿದ ಮೇಲೆ ಕುರ್ಚಿಯ ಕೈಗೆ ಗುದ್ದಿದರು.

“ಸಾಕು, ಇನ್ನು ಮನೆಗೆ ಹೋಗುವಾ,” ಎಂದು ಐರಿನ್ ಅವರ ಕೈ ಹಿಡಿದು ಎಬ್ಬಿಸಿದಳು.

ಮರುದಿನ ರಮ್ಲತ್ ಫೋನ್ ಮಾಡಿದಳು. “ಟೀಚರ್, ಒಮ್ಮೆ ಬನ್ನಿ. ಒಬ್ಬರೇ.”

ಕಂಟ್ರೋಲ್ ರೂಮಿನಲ್ಲಿ ರಮ್ಲತ್ ಬಿಟ್ಟರೆ ಯಾರೂ ಇರಲಿಲ್ಲ. ಅವಳ ಕಣ್ಣ ಕೆಳಗೆ ಕಪ್ಪುಗಟ್ಟಿತ್ತು. ಪರದೆಯ ಮೇಲೆ ಎರಡು ಗೆರೆ ತೋರಿಸಿದಳು. ಕೆಂಪು ಬೆನೆಟ್‌ರ ದನಿ, ನೀಲಿ ಅನುದನಿ.

“ಇದು ಆಪರೇಷನ್ ಬೇಕಾ ಅಂತ ಕೇಳಿದಾಗಿನದ್ದು. ‘ಬೇ’ ತನಕ ಎರಡೂ ಸಮಸಮ ಉಂಟು ನೋಡಿ. ಆಮೇಲೆ ಮೊದಲು ಮೇಲೆ ಹತ್ತುದು ಯಾರು?”

ನೀಲಿ ಗೆರೆ ಮೊದಲು ಮೇಲಕ್ಕೆ ತಿರುಗಿತ್ತು. ಕೆಂಪು ಗೆರೆ ಕಣ್ಣೆವೆಯಷ್ಟು ಹಿಂದೆ ಅದನ್ನೇ ಹಿಂಬಾಲಿಸಿತ್ತು.

“ಊಹೆ ಮಾಡ್ತದೆ ಅಂತ ನೀನೇ ಹೇಳಿದ್ದಲ್ಲ,” ಎಂದಳು ಐರಿನ್.

“ಹೇಳಿದ್ದೆ. ಊಹೆ ಅಂದ ಮೇಲೆ ನೂರರಲ್ಲಿ ಹತ್ತಾದ್ರೂ ತಪ್ಪಬೇಕು, ಟೀಚರ್. ಒಂದೂ ತಪ್ಪಲಿಲ್ಲ ಅಂತ ಎಲ್ಲರೂ ಖುಷಿಪಟ್ಟರು. ನನಗೆ ನಿದ್ದೆ ಬರ್ಲಿಲ್ಲ. ಮೊನ್ನೆ ಅಂಕಲ್ ಬಂದಾಗ ಈ ಕೋಣೆಯ ಎ.ಸಿ. ಬಂದ್ ಮಾಡಿ ಅರ್ಧ ಗಂಟೆ ಕೂರಿಸಿದೆ. ಬೆವರು ಇಳೀತಾ ಇತ್ತು. ಫ್ಯಾನ್ ಬೇಕಾ ಕೇಳಿದೆ. ‘ಬೇ’ ಆದ ಮೇಲೆ ಕೆಳಗಿನ ಸ್ವರಕ್ಕೆ ಹೋಗು ಅಂತ ಯಂತ್ರಕ್ಕೆ ಮೊದಲೇ ಹೇಳಿಟ್ಟಿದ್ದೆ.” ರಮ್ಲತ್ ಪರದೆಯ ಕಡೆಗೆ ತಿರುಗಿದಳು. “ಬೇಡ ಅಂದ್ರು. ಕರ್ಚೀಫಿನಲ್ಲಿ ಮುಖ ಒರೆಸ್ಕೊಂಡೇ ಬೇಡ ಅಂದ್ರು. ಅಂದು ನನ್ನ ಮುಖ ನೋಡಿದ್ರು. ಆ ನೋಟ ನನ್ನಿಂದ ಹೇಳ್ಲಿಕ್ಕೆ ಆಗುದಿಲ್ಲ.”

ಐರಿನ್ ಕುರ್ಚಿಯ ಅಂಚಿಗೆ ಸರಿದಳು. “ಹಾಗಾದ್ರೆ ನಿನ್ನ ಯಂತ್ರ ಸರಿ ಇಲ್ಲ.”

“ಯಂತ್ರ ಸರಿ ಉಂಟು. ಕಲಿಸಿದ್ದನ್ನೇ ಮಾಡ್ತಾ ಉಂಟು.” ರಮ್ಲತ್ ಇನ್ನೊಂದು ಚಿತ್ರ ತೆರೆದಳು. ಯಂತ್ರಕ್ಕೆ ಕಲಿಸಿದ ಮೂರು ವಾರದ ರೆಕಾರ್ಡಿಂಗ್. ನೀಲಿಯ ಜಾಗದಲ್ಲಿ ಹಸಿರು ಗೆರೆ. ಹಸಿರು ಐರಿನ್. ಚಹಾ ಬೇಕಾ, ಊಟ ಬೇಕಾ, ಟಿವಿ ಬೇಕಾ, ಚರ್ಚಿಗೆ ಹೋಗ್ಲಿಕ್ಕೆ ಉಂಟಾ: ಒಂದರ ಕೆಳಗೊಂದು ಸಾಲಾಗಿ ಬಂದವು. ಎಲ್ಲದರಲ್ಲೂ ಹಸಿರು ಮುಂದೆ, ಕೆಂಪು ಹಿಂದೆ.

“ನಾನು ಅವರ ಬಾಯಿಗೆ ಒಂದಕ್ಷರ ಹಾಕಿದವಳಲ್ಲ, ರಮ್ಲತ್. ಬಾಯಿ ಮುಚ್ಚಿ ಗುನುಗಿದ್ದು ಮಾತ್ರ.”

“ಗೊತ್ತುಂಟು ಟೀಚರ್. ಬೇಕಂತ ಮಾಡಿದ್ದು ಅಂತ ಯಾರೂ ಹೇಳುದಿಲ್ಲ. ಅವರಿಗೆ ತಡ ಆಗ್ಬಾರ್ದು ಅಂತ ನೀವು ಸ್ವಲ್ಪ ಮೊದಲೇ ಹೋದಿರಿ. ಅವರಿಗೆ ನಿಲ್ಲಲಿಕ್ಕೆ ಬೇರೆ ಜಾಗ ಇರ್ಲಿಲ್ಲ, ನೀವು ಹೋದಲ್ಲಿಗೆ ಬಂದ್ರು.”

ಐರಿನ್ ಬಹಳ ಹೊತ್ತು ಪರದೆ ನೋಡಿದಳು. ಹೊರಗೆ ಯಾರೋ ಕಾರಿಡಾರಿನಲ್ಲಿ ಬಕೆಟ್ ಎಳೆಯುತ್ತಿದ್ದರು. ಕೊನೆಗೆ ಅವಳು ತಗ್ಗಿದ ದನಿಯಲ್ಲಿ ಕೇಳಿದಳು, “ಇದು ಬೇರೆ ಯಾರಿಗೆ ಗೊತ್ತುಂಟು?”

“ನನಗೆ ಮತ್ತು ನಿಮಗೆ.”

“ಹಾಗಾದ್ರೆ ಆಪರೇಷನ್ ಆಗ್ಲಿ. ಮತ್ತೆ ಸರಿ ಮಾಡು ಬೇಕಾದ್ರೆ. ನನಗೆ ಸಾಕಾಗಿದೆ. ನಿನಗೆ ಗೊತ್ತಾಗುದಿಲ್ಲ. ಎರಡು ವರ್ಷ ನಾನು ಒಂದು ಲೋಟ ನೀರು ಪೂರ್ತಿ ಕುಡಿದವಳಲ್ಲ, ನಡುವಿನಲ್ಲಿ ಅವರು ಕರೀತಿದ್ರು.”

“ಗುರುವಾರ ಆಪರೇಷನ್ನಿನ ಕಮಿಟಿ ಕೂರ್ತದೆ,” ಎಂದಳು ರಮ್ಲತ್. “ನಾನು ಅವರಿಗೆ ಹೇಳ್ಲೇಬೇಕು. ಹೇಳಿದ್ರೆ ಐದು ವರ್ಷದ ಕೆಲಸ ನೀರಿಗೆ ಹೋಗ್ತದೆ, ಅದೂ ಗೊತ್ತುಂಟು. ಮೊದಲು ನಿಮಗೆ ಹೇಳುವಾ ಅಂತ ಕರೆದದ್ದು. ಬೇರೆಯವರ ಬಾಯಿಂದ ನೀವು ಕೇಳ್ಬಾರ್ದು.”

ಐರಿನ್ ಎದ್ದು ಹೊರಟುಬಂದಳು. ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತವಳಿಗೆ ರಮ್ಲತ್ ಮೇಲೆ ಸಿಟ್ಟು ಬಂತು, ಆಮೇಲೆ ಬೆನೆಟ್ ಮೇಲೆ ಬಂತು. ಇಳಿಯುವ ಸ್ಟಾಪ್ ಬರುವಾಗ ಸಿಟ್ಟು ಹೋಗಿ ಮೊದಲಿನ ಆಯಾಸವೇ ಉಳಿದಿತ್ತು.

*

ಮನೆಗೆ ಬಂದಾಗ ನಾಲ್ಕು ಗಂಟೆ. ಎರಡು ವರ್ಷದಿಂದ ನಾಲ್ಕಕ್ಕೆ ಚಹಾ. ಹಾಲು ಹೆಚ್ಚು, ಸಕ್ಕರೆ ಕಡಿಮೆ. ಐರಿನ್ ಕುಕ್ಕರಿನ ಪಕ್ಕದ ಒಲೆಯಲ್ಲಿ ಪಾತ್ರೆ ಇಟ್ಟು, ಚಹಾ ಕುದಿಸಿ, ಸೋಸಿ, ಲೋಟ ಹಿಡಿದು ಬಂದಳು. ಬೆನೆಟ್ ಜಗಲಿಯ ಕುರ್ಚಿಯಲ್ಲಿದ್ದರು.

ಲೋಟವನ್ನು ಸ್ಟೂಲಿನ ಮೇಲಿಟ್ಟು ಅವಳು ನಿಂತೇ ಇದ್ದಳು. ಕೇಳದೆ ಕೊಟ್ಟುಬಿಡಬಹುದಿತ್ತು. ಗುರುವಾರದವರೆಗೆ ಇನ್ನು ಮೂರು ದಿನ. ಏನೂ ತಿಳಿಯದವಳಂತೆ ಮೂರು ದಿನ ಕಳೆಯುವುದು ಅವಳಿಗೆ ದೊಡ್ಡ ಮಾತಾಗಿರಲಿಲ್ಲ. ಆದರೆ ಆ ಹಸಿರು ಗೆರೆ ಕಣ್ಣ ಮುಂದಿನಿಂದ ಹೋಗುತ್ತಿರಲಿಲ್ಲ. ಅವಳು ಮೊಣಕಾಲೂರಿ ಕೂತು, ಅವರ ಕಿವಿಯ ಹಿಂದಿನ ಬಿಲ್ಲೆಯನ್ನು ಮೆಲ್ಲಗೆ ಬಿಡಿಸಿ ಅಂಗೈಯಲ್ಲಿಟ್ಟುಕೊಂಡಳು. ಬೆನೆಟ್ ಬೆಚ್ಚಿ ನೋಡಿದರು.

“ಚಹಾ ಬೇಕಾ?” ಎಂದು ಕೇಳಿ, ಡಾಕ್ಟರು ಹೇಳಿದ್ದನ್ನು ಮೀರಿ ಅವಳು ಗುನುಗಿದಳು.

“ಬೇ…” ಎಂದರು ಬೆನೆಟ್.

ಅವಳ ಗಂಟಲು ತಾನಾಗಿ ಮೇಲಕ್ಕೆ ಹೊರಟಿತು. ಅದು ಎಷ್ಟು ಸಲೀಸಾಗಿ ಹೊರಟಿತೆಂದು ಅವಳಿಗೆ ಮೊದಲ ಸಲ ತಿಳಿದದ್ದು ಆಗಲೇ. ಹಲ್ಲು ಕಚ್ಚಿ ತಡೆದು, ಅದೇ ಸ್ವರದಲ್ಲಿ ನಿಂತಳು. ಬೆನೆಟ್ ಕಾದರು. ಅವಳು ಅಲುಗಲಿಲ್ಲ. ಅವರ ಹುಬ್ಬು ಗಂಟಿಕ್ಕಿತು, ತುಟಿ ನಡುಗಿತು, ‘ಬೇ’ ಎಂಬುದು ಉದ್ದವಾಗುತ್ತ ಹೋಯಿತು. ಅವಳ ಉಸಿರು ಮುಗಿಯಿತು. ಮತ್ತೊಮ್ಮೆ ಎಳೆದುಕೊಂಡು ಅದೇ ಸ್ವರ ಹಿಡಿದಳು. ಗಂಟಲಲ್ಲಿ ಮರಳು ಹಾಕಿ ಉಜ್ಜಿದಂತಾಗುತ್ತಿತ್ತು. ಬೆನೆಟ್‌ರ ಕುತ್ತಿಗೆಯ ನರ ಉಬ್ಬಿತು. ಅವರು ಹೆದರಿದ್ದಾರೆ, ಬಿಟ್ಟುಬಿಡೋಣ ಎಂದು ಅವಳಿಗೆ ಎರಡು ಸಲ ಅನಿಸಿತು. ಮೂರನೆಯ ಉಸಿರು ಅರ್ಧ ಮುಗಿದಿತ್ತು. ಅವರ ದನಿ, ಕತ್ತಲಲ್ಲಿ ಮೆಟ್ಟಿಲು ಹುಡುಕುವ ಕಾಲಿನಂತೆ ತಡವರಿಸಿ, ಕೆಳಗಿಳಿಯಿತು.

“…ಡ.”

ಹೇಳಿದ ಮೇಲೆ ತಾವೇ ಬೆರಗಾದವರಂತೆ ಬೆನೆಟ್ ಅವಳನ್ನು ನೋಡಿದರು. ಆಮೇಲೆ ಅವರ ಎಡಗೈ ಲೋಟದ ಕಡೆ ಹೋಗಿ, ಅದನ್ನು ಮೆಲ್ಲನೆ, ಸ್ಟೂಲಿನ ಅಂಚಿನವರೆಗೆ ದೂಡಿತು.

“ಚಹಾ ಬೇಡ್ವಾ?” ಎಂದಳು ಐರಿನ್. “ಎರಡು ವರ್ಷದಿಂದ?”

ಅವರು ನಗತೊಡಗಿದರು. ನಗುತ್ತ ನಗುತ್ತ ಕಣ್ಣಲ್ಲಿ ನೀರು ಬಂತು. ಐರಿನ್ ನಗಲಿಲ್ಲ. ಅವಳು ಇನ್ನೊಂದು ಕೇಳಬೇಕಿತ್ತು, ಕೇಳಲು ಮನಸ್ಸಿರಲಿಲ್ಲ.

“ಆಪರೇಷನ್,” ಎಂದಳು. “ತಲೆಯ ಒಳಗೆ ಇಡ್ತಾರಲ್ಲ, ಅದು. ಬೇಕಾ?”

ಈ ಸಲ ನಾಲ್ಕು ಉಸಿರು ಬೇಕಾಯಿತು. ಕೊನೆಯಲ್ಲಿ ಅವಳ ಗುನುಗಿನಲ್ಲಿ ಸ್ವರವೇ ಇರಲಿಲ್ಲ, ಬರೀ ಸದ್ದು. ಅದರ ಮೇಲೇ ನಿಂತು ಬೆನೆಟ್ ಹೇಳಿದರು: ಬೇಡ.

ಅವಳು ನೆಲದ ಮೇಲೆ ಹಾಗೆಯೇ ಕೂತಳು. ಗೋಡೆಗೆ ಒರಗಿದಳು. “ಮೊದಲೇ ಯಾಕೆ ಹೇಳ್ಲಿಲ್ಲ ನೀವು?” ಎಂಬ ಮಾತು ಬಾಯಿಂದ ಬಂದುಬಿಟ್ಟಿತು. ಬಂದ ಮೇಲೆ ಅದೆಂಥ ಮಾತೆಂದು ತಿಳಿದು, ಸೆರಗಿನಿಂದ ಮುಖ ಮುಚ್ಚಿಕೊಂಡಳು. ಮೇಜಿಗೆ ಗುದ್ದಿದ್ದು ನೆನಪಾಯಿತು, ಕುರ್ಚಿಗೆ ಗುದ್ದಿದ್ದು ನೆನಪಾಯಿತು. ಅವರು ಹೇಳುತ್ತಲೇ ಇದ್ದರು. ಸ್ವಲ್ಪ ಹೊತ್ತಿನ ಮೇಲೆ ಬೆನೆಟ್‌ರ ಎಡಗೈ ಬಂದು ಅವಳ ತಲೆಯ ಮೇಲೆ ಕೂತಿತು. ಸ್ಟೂಲಿನ ಮೇಲೆ ಚಹಾ ಕೆನೆಗಟ್ಟುತ್ತಿತ್ತು.

*

ಗುರುವಾರ ರಮ್ಲತ್ ಕಮಿಟಿಯ ಮುಂದೆ ಎಲ್ಲ ಗೆರೆಗಳನ್ನೂ ಇಟ್ಟಳು. ಆಪರೇಷನ್ ನಿಂತಿತು. ಕೈ ಕುಲುಕಿದವರು ಈ ಸಲ ಅವಳ ಕಡೆ ನೋಡದೆ ಫೈಲು ಮಡಚಿಕೊಂಡು ಎದ್ದುಹೋದರು. ಇನ್ನೆರಡು ಊರುಗಳಲ್ಲಿ ಅನುದನಿ ಹಾಕಿಕೊಂಡ ಆರು ಮಂದಿಯ ಒಪ್ಪಿಗೆಗಳನ್ನೂ ಮತ್ತೆ ಕೇಳಬೇಕೆಂದು ತೀರ್ಮಾನವಾಯಿತು. ಆ ಕೆಲಸವೂ ರಮ್ಲತ್‌ಳದ್ದೇ.

ಆ ದಿನ ಜಗಲಿಯಲ್ಲಿ ಐರಿನ್ ಮಾಡಿದ್ದನ್ನು ಕೇಳಿ ತಿಳಿದು ರಮ್ಲತ್ ಅದನ್ನು ಯಂತ್ರಕ್ಕೆ ಕಲಿಸಿದಳು. ಹೊಸ ಅನುದನಿ ಊಹಿಸುವುದಿಲ್ಲ. ಬೆನೆಟ್ ಇದ್ದ ಸ್ವರದ ಕೆಳಗೆ ಒಂದೇ ಸ್ವರ ಹಿಡಿದು ನಿಲ್ಲುತ್ತದೆ, ಅವರು ಅಲುಗಿದ ಮೇಲೆ ತಾನು ಅಲುಗುತ್ತದೆ. ಅದರ ಮೇಲೆ ಮಾತು ಕಟ್ಟುವುದು ಬೆನೆಟ್‌ಗೆ ಬಂಡೆ ಹೊತ್ತಂತೆ. ಮೊದಲು ನಿಮಿಷಕ್ಕೆ ಹತ್ತು ಪದ ಹೇಳುತ್ತಿದ್ದವರಿಗೆ ಈಗ ಒಂದೊಂದು ಪದಕ್ಕೆ ಅರ್ಧ ನಿಮಿಷ. ಕೆಲವು ಬರುವುದೇ ಇಲ್ಲ. ಅರ್ಧ ಗಂಟೆ ಹಾಕಿಕೊಂಡರೆ ಸುಸ್ತಾಗಿ ಮಲಗುತ್ತಿದ್ದರು.

“ಇದನ್ನು ಯಂತ್ರ ಅಂತ ಯಾರೂ ಒಪ್ಪುದಿಲ್ಲ, ಟೀಚರ್,” ಎಂದಳು ರಮ್ಲತ್. “ಸುಮ್ಮನೆ ನಿಲ್ಲುವ ಯಂತ್ರ.”

“ನಿಲ್ಲುದೇ ಕಷ್ಟ. ನನಗೆ ಗೊತ್ತುಂಟು,” ಎಂದಳು ಐರಿನ್.

ಅವಳಿಗೆ ಎರಡು ವರ್ಷದ ಸಂಸಾರವನ್ನು ಮತ್ತೆ ಮೊದಲಿನಿಂದ ಕೇಳಬೇಕಾಯಿತು. ಕ್ರಿಕೆಟ್ ಬೇಕು, ವಾರ್ತೆ ಬೇಡ. ಗಂಜಿ ಬೇಡ. ಚರ್ಚು ಬೇಕು; ಆದರೆ ಮುಂದಿನ ಬೆಂಚು ಬೇಡ. ಪ್ರತಿ ಬೇಡಕ್ಕೂ ಅವಳೊಳಗೆ ಏನೋ ಒಂದು ಚುಚ್ಚುತ್ತಿತ್ತು. ಇಷ್ಟು ವರ್ಷ ಬಾಳ್ವೆ ಮಾಡಿದವರ ಮನಸ್ಸು ತನಗೆ ಗೊತ್ತು ಎಂದುಕೊಂಡಿದ್ದಳಲ್ಲ. ಕೇಳಿ, ಬಾಯಿ ಮುಚ್ಚಿ ಕಾಯುವುದು ಗುನುಗುವುದಕ್ಕಿಂತ ಹೆಚ್ಚು ದಣಿಸುತ್ತಿತ್ತು. ಕೆಲವು ದಿನ ಸಹನೆ ಮೀರಿ, ಏನೂ ಕೇಳದೆ ತಟ್ಟೆ ಮುಂದಿಟ್ಟು ಹೋಗುತ್ತಿದ್ದಳು.

ಧಾರವಾಡದಲ್ಲಿ ಅವಳ ತಂಗಿ ಲೀನಾ ಇದ್ದಳು. ಕಾಯಿಲೆ ಶುರುವಾದಾಗಿನಿಂದ ಹತ್ತು ದಿನ ಬಂದು ಇದ್ದು ಹೋಗು ಎಂದು ಕರೆಯುತ್ತಲೇ ಇದ್ದಳು. ಕರೆ ಬಂದಾಗಲೆಲ್ಲ ಐರಿನ್ ಬೆನೆಟ್‌ರನ್ನು ಕೇಳುತ್ತಿದ್ದಳು, ಅವರು “ಹೋ-ಗ್ಬೇ-ಡ” ಎನ್ನುತ್ತಿದ್ದರು, ಅವಳು ಇವರು ಬಿಡುವುದಿಲ್ಲ ಮಾರಾಯ್ತಿ ಎಂದು ತಂಗಿಗೆ ಹೇಳುತ್ತಿದ್ದಳು. ಹಾಗೆ ಹೇಳುವಾಗ ಅವಳಿಗೆ ಒಂದು ಬಗೆಯ ಸಮಾಧಾನವೂ ಇರುತ್ತಿತ್ತು. ಈ ಸಲ ಲೀನಾಳ ಫೋನ್ ಬಂದಾಗ ಬೆನೆಟ್‌ರ ಕಿವಿಯ ಹಿಂದೆ ಹೊಸ ಅನುದನಿ ಇತ್ತು.

“ಲೀನಾ ಕರೀತಾ ಇದ್ದಾಳೆ,” ಎಂದು ಐರಿನ್ ಹೇಳಿದಳು. ಹೇಳಿ ಕಾದಳು.

“ಹೋ…” ಎಂದರು ಬೆನೆಟ್. ಗೋಡೆಯ ಗಡಿಯಾರ ಟಿಕ್ಕೆನ್ನುತ್ತಿತ್ತು. “ಹೋ…ಗು.”

ಅವಳು ಇನ್ನೂ ಕಾದಳು, ಮುಂದಿನದು ಬರಬೇಕಲ್ಲ ಎಂದು. ಮುಂದೇನೂ ಬರಲಿಲ್ಲ. ಬೆನೆಟ್ ಬಾಯಿ ಮುಚ್ಚಿ, ಮಾತು ಮುಗಿದವರಂತೆ ಅವಳನ್ನೇ ನೋಡುತ್ತಿದ್ದರು. ಅದು ಅಷ್ಟೇ ಇತ್ತು. ಎಷ್ಟು ಸಲ ಅವರು ಅಷ್ಟೇ ಹೇಳಲು ಹೊರಟಿದ್ದರೋ, ತಾನು ಎಷ್ಟು ಸಲ ಅದಕ್ಕೊಂದು ಬಾಲ ಕಟ್ಟಿದ್ದಳೋ, ಆ ಲೆಕ್ಕ ಯಾವ ಪರದೆಯ ಮೇಲೂ ಇರಲಿಲ್ಲ.

“ನಿಮ್ಮ ಜೊತೆ ಇರ್ಲಿಕ್ಕೆ ಯಾರು?” ಎಂದಳು.

ಆ ಹೆಸರಿಗೆ ಮೂರು ನಿಮಿಷ ಹಿಡಿಯಿತು. “ಜ…ಯ…ಕ…ರ.”

ಜಯಕರ ಬಂಗೇರ ಬಂದರಿನಲ್ಲಿ ಹಡಗುಗಳನ್ನು ಎಳೆದು ತರುವ ಟಗ್ ದೋಣಿ ಓಡಿಸುತ್ತಿದ್ದವನು, ಹೆಂಡತಿ ತೀರಿಕೊಂಡ ಮೇಲೆ ಒಬ್ಬನೇ ಇದ್ದವನು. ಸುದ್ದಿ ಹೋದ ಸಂಜೆಯೇ ಚೀಲ ಹಿಡಿದು ಬಂದ. ಐರಿನ್ ಮಾತ್ರೆಗಳ ಡಬ್ಬಿ ತೋರಿಸಿದಳು, ಬಿಲ್ಲೆ ಹಾಕುವ ಕ್ರಮ ತೋರಿಸಿದಳು. “ಅವರು ಮಾತಾಡುವಾಗ ನೀವು ಎಂತ ಹೇಳ್ಬಾರ್ದು, ಜಯಕರಣ್ಣ. ಎಷ್ಟು ಹೊತ್ತಾದ್ರೂ. ಪದ ಗೊತ್ತಾಯ್ತು ಅಂತ ನೀವು ಹೇಳಿಬಿಟ್ರೆ ಅವರು ಅದನ್ನೇ ಹೇಳ್ತಾರೆ.”

“ನಾನು ಮೂವತ್ತು ವರ್ಷ ಇವನ ಮಾತು ಕೇಳಿದವ ಅಕ್ಕ,” ಎಂದ ಜಯಕರ. “ಒಳಗೆ ಬಾ ಅನ್ನುವ ತನಕ ಹೊರಗೇ ನಿಂತದ್ದು. ಅಭ್ಯಾಸ ಉಂಟು. ನೀವು ಹೊರಡಿ.”

ಧಾರವಾಡದಲ್ಲಿ ಮೊದಲ ಎರಡು ದಿನ ಐರಿನ್‌ಗೆ ಕೈ ಕಾಲು ಎಲ್ಲಿಡಬೇಕೆಂದೇ ತಿಳಿಯಲಿಲ್ಲ. ಯಾರಾದರೂ ಬಾಯಿ ತೆರೆದರೆ ಗುನುಗಲು ಹೊರಟುಬಿಡುತ್ತಿದ್ದಳು. ಲೀನಾ ರೊಟ್ಟಿ ತಟ್ಟುವುದನ್ನು ನೋಡುತ್ತ ಕೂತಳು, ಒಂದು ಲೋಟ ನೀರನ್ನು ಕೊನೆಯ ಹನಿಯವರೆಗೆ ಕುಡಿದಳು, ಮಧ್ಯಾಹ್ನ ಮಲಗಿ ಸಂಜೆ ಎದ್ದ ಮೇಲೂ ದಣಿವು ಹಾಗೇ ಇತ್ತು. ಎರಡು ವರ್ಷದ ದಣಿವು ಎರಡು ದಿನದಲ್ಲಿ ಹೋಗುವಂಥದ್ದಲ್ಲ. ಜಯಕರ ದಿನಕ್ಕೊಮ್ಮೆ ಫೋನ್ ಮಾಡಿ ಎಲ್ಲ ಸರಿ ಉಂಟು ಎಂದಷ್ಟೇ ಹೇಳಿ ಇಡುತ್ತಿದ್ದ.

ನಾಲ್ಕನೆಯ ಬೆಳಗ್ಗೆ ಅವನು, “ಅಕ್ಕ, ಇವನಿಗೆ ಎಂತದೋ ಹೇಳ್ಲಿಕ್ಕೆ ಉಂಟಂತೆ, ಇಡಬೇಡಿ,” ಎಂದು ಫೋನನ್ನು ಬೆನೆಟ್‌ಗೆ ಕೊಟ್ಟ.

ಉಸಿರಿನ ಸದ್ದು ಕೇಳಿಸಿತು. ಐರಿನ್ ಹಿತ್ತಲಿನ ಕಟ್ಟೆಯ ಮೇಲೆ ಕೂತಳು. ಬೇಗ ಬಾ ಎನ್ನುತ್ತಾರೆ ಎಂದುಕೊಂಡಳು. ಆ ಎರಡು ಪದಕ್ಕೆ ಒಪ್ಪುವ ಕೆಳಗಿನ ಸ್ವರಗಳು ಗಂಟಲಲ್ಲಿ ತಾವಾಗಿಯೇ ಬಂದು ನಿಂತವು. ಅವಳು ಅಂಗೈಯಿಂದ ಬಾಯಿ ಮುಚ್ಚಿಕೊಂಡಳು.

“ಜ…” ಎಂದರು ಬೆನೆಟ್.

ಲೀನಾ ಒಳಗಿನಿಂದ ತಿಂಡಿಗೆ ಕರೆದಳು. ಐರಿನ್ ಕೈಸನ್ನೆಯಲ್ಲೇ ತಡೆದಳು.

“ಜಯ…ಕರ…”

ಮತ್ತೆ ಬಹಳ ಹೊತ್ತು ಏನೂ ಇಲ್ಲ. ಜಯಕರನಿಗೆ ಏನಾಯಿತು? ಹೊರಡುತ್ತಾನೆಯೇ? ಕೇಳಲು ಬಾಯಿ ತುಡಿಯುತ್ತಿತ್ತು. ಅವಳು ಕಾದಳು. ಬಿಸಿಲು ಕಟ್ಟೆಯ ಮೇಲಿನಿಂದ ಅವಳ ಪಾದದ ತನಕ ಬಂತು.

“…ಗೊ…ರ…ಕೆ.”

ಫೋನಿನ ಆಚೆ ಜಯಕರ, “ಕೇಳ್ತಾ ಉಂಟು ಮಾರಾಯ, ನನಗೆ,” ಎನ್ನುವುದು ಕೇಳಿಸಿತು.

ಐರಿನ್‌ಗೆ ಅದು ಏನೆಂದು ಅರ್ಥವಾಗಲು ಒಂದು ಕ್ಷಣ ಬೇಕಾಯಿತು. ತಾನು ಕೇಳದೆಯೇ, ತನಗೆ ಗೊತ್ತಿಲ್ಲದ ಸಂಗತಿಯೊಂದನ್ನು ಬೆನೆಟ್ ಹೇಳಿ ಎರಡು ವರ್ಷ ಕಳೆದಿತ್ತು. ಅವಳು ನಕ್ಕಳು, ಒಡಕು ದನಿಯ ಆ ನಗು ಅವಳ ಕಿವಿಗೇ ಅಪರಿಚಿತವಾಗಿತ್ತು. ಫೋನನ್ನು ಇನ್ನೊಂದು ಕಿವಿಗೆ ಬದಲಿಸಿಕೊಂಡು, ಗೋಡೆಗೆ ಒರಗಿ, “ಮತ್ತೆ?” ಎಂದು ಕೇಳಿದಳು. ಕೇಳಿ ಕಾಯತೊಡಗಿದಳು.